ಕಂತಿನಲ್ಲಿ ತಂದ ಗಿಟಾರ್: ರೋರಿ ಗ್ಯಾಲಹರ್ ಕಥೆ

ಗಿಟಾರ್ ನುಡಿಸುವ ನಾಲ್ಕು ಜನರ ಪಕ್ಕ ಹತ್ತು ನಿಮಿಷ ಕೂತು ನೋಡಿ. ಮಾತು ಯಾವುದೋ ಹಾಡಿನಿಂದ ಶುರುವಾದರೂ ಕೊನೆಗೆ ರೇಟಿಗೆ ಬಂದೇ ಬರುತ್ತೆ. ಈಗಿರುವ ಅಗ್ಗದ ಗಿಟಾರ್ ಸಾಕಾ? ಅಥವಾ ದುಡ್ಡು ಕೂಡಿಟ್ಟು, ಇಎಂಐ ಹಾಕಿಸಿಯಾದ್ರೂ ಒಂದು ಬೂಟಿಕ್ ಗಿಟಾರ್ ತಗೊಳ್ಳೋದಾ? ಗೊತ್ತಿಲ್ಲದವರಿಗೆ ಹೇಳ್ತೀನಿ, ಬೂಟಿಕ್ ಗಿಟಾರ್ ಅಂದ್ರೆ ದೊಡ್ಡ ಫ್ಯಾಕ್ಟರಿಯಲ್ಲಿ ಅಲ್ಲ, ಸಣ್ಣ ವರ್ಕ್‌ಶಾಪಿನಲ್ಲಿ ಕೆಲವೇ ಜನ ಹೆಚ್ಚಾಗಿ ಕೈಯಲ್ಲೇ ಮಾಡುವಂಥದ್ದು. ಬೆಲೆ ಲಕ್ಷಗಳಲ್ಲಿ. ಈ ಪ್ರಶ್ನೆಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೋಗಳಿವೆ. ಆದರೆ ಅವೆಲ್ಲಕ್ಕಿಂತ ಒಬ್ಬ ಐರಿಶ್ ಹುಡುಗನ ಜೀವನವೇ ಒಳ್ಳೆ ಉತ್ತರ ಅಂತ ನನಗೆ ಅನ್ಸುತ್ತೆ.

ರೋರಿ ಗ್ಯಾಲಹರ್ ಹುಟ್ಟಿದ್ದು 1948ರ ಮಾರ್ಚ್ 2ರಂದು, ಐರ್ಲೆಂಡಿನ ಡೊನೆಗಾಲ್ ಕೌಂಟಿಯ ಬ್ಯಾಲಿಶಾನನ್ ಎಂಬ ಊರಿನಲ್ಲಿ. ಅಲ್ಲಿನ ಅರ್ನ್ ನದಿಗೆ ಆಗ ಜಲವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿತ್ತು. ಅಪ್ಪ ಡ್ಯಾನಿ ಆ ಯೋಜನೆಯಲ್ಲಿ ಕೆಲಸಕ್ಕಿದ್ದರು. ಅವರು ಅಕಾರ್ಡಿಯನ್ ನುಡಿಸುತ್ತಿದ್ದರು, ಅಮ್ಮ ಮೋನಿಕಾ ಹಾಡುತ್ತಿದ್ದರು, ನಾಟಕದಲ್ಲೂ ಪಾತ್ರ ಮಾಡುತ್ತಿದ್ದರು. ಮುಂದೆ ಸ್ವಲ್ಪ ಕಾಲ ಡೆರಿ ನಗರದಲ್ಲಿದ್ದು, ಆಮೇಲೆ ಅಮ್ಮ ರೋರಿ ಮತ್ತು ತಮ್ಮ ಡೋನಲ್ ಇಬ್ಬರನ್ನೂ ಕರೆದುಕೊಂಡು ದಕ್ಷಿಣದ ಕಾರ್ಕ್ ನಗರಕ್ಕೆ ಬಂದರು.

ಒಂಬತ್ತನೇ ವಯಸ್ಸಿನಲ್ಲಿ ಮನೆಯವರು ಅವನಿಗೆ ಮೊದಲ ಗಿಟಾರ್ ಕೊಡಿಸಿದರು. ಕಲಿಸೋಕೆ ಮೇಷ್ಟ್ರು ಯಾರೂ ಇರ್ಲಿಲ್ಲ. ರೇಡಿಯೋದಲ್ಲಿ ಬರೋ ಹಾಡು ಕೇಳೋದು, ಕಿವಿಯಲ್ಲಿ ಉಳಿದಷ್ಟನ್ನು ತಂತಿಯ ಮೇಲೆ ಹುಡುಕೋದು, ಅಷ್ಟೇ. ಹನ್ನೆರಡನೇ ವಯಸ್ಸಿನಲ್ಲಿ ಒಂದು ಪ್ರತಿಭಾ ಸ್ಪರ್ಧೆ ಗೆದ್ದ. ಆ ಬಹುಮಾನದ ದುಡ್ಡಿನಲ್ಲೇ ಮೊದಲ ಎಲೆಕ್ಟ್ರಿಕ್ ಗಿಟಾರ್ ತಗೊಂಡ. ಅದು ದೊಡ್ಡ ಗಿಟಾರ್ ಏನಲ್ಲ, ಕಲಿಯೋಕೆ ಸಾಕಾಗುವಂಥದ್ದು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹದಿನೈದನೇ ವಯಸ್ಸಿಗೆ, ಇನ್ನೂ ಸ್ಕೂಲಿಗೆ ಹೋಗುತ್ತಿರುವಾಗಲೇ, ಫಾಂಟಾನಾ ಎಂಬ ಶೋಬ್ಯಾಂಡ್ ಸೇರಿದ. ಶೋಬ್ಯಾಂಡ್ ಅಂದ್ರೆ ಎಲ್ಲರೂ ಒಂದೇ ಥರದ ಸೂಟು ಹಾಕಿಕೊಂಡು, ಡ್ಯಾನ್ಸ್ ಹಾಲ್‌ಗಳಲ್ಲಿ ಆಗಿನ ಹಿಟ್ ಹಾಡುಗಳನ್ನು ನುಡಿಸುವ ಆರ್ಕೆಸ್ಟ್ರಾ. ರೋರಿಗೆ ಇಷ್ಟವಾಗಿದ್ದು ಮಡ್ಡಿ ವಾಟರ್ಸ್ ಥರದ ಬ್ಲೂಸ್. ಆದರೂ ಸೇರಿದ, ಯಾಕಂದ್ರೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸ್ಟೇಜ್ ಹತ್ತೋಕೆ ಆಗಿನ ಐರ್ಲೆಂಡಿನಲ್ಲಿ ಬೇರೆ ದಾರಿ ಹೆಚ್ಚೇನೂ ಇರ್ಲಿಲ್ಲ. ಕೈಗೆ ಒಂದಿಷ್ಟು ದುಡ್ಡೂ ಬರುತ್ತಿತ್ತು.

ಆಗಲೇ, 1963ರಲ್ಲಿ, ಕಾರ್ಕ್‌ನ ಕ್ರೌಲಿ ಮ್ಯೂಸಿಕ್ ಅಂಗಡಿಗೆ ಒಂದು ಗಿಟಾರ್ ಬಂತು. 1961ರ ಫೆಂಡರ್ ಸ್ಟ್ರಾಟೊಕಾಸ್ಟರ್. ಸೆಕೆಂಡ್ ಹ್ಯಾಂಡ್. ಮೊದಲು ಅದು ರಾಯಲ್ ಶೋಬ್ಯಾಂಡ್‌ನ ಗಿಟಾರಿಸ್ಟ್ ಹತ್ತಿರ ಇತ್ತು. ಅವರಿಗೆ ಬೇಕಾಗಿದ್ದು ಕೆಂಪು ಬಣ್ಣದ್ದು, ಬಂದಿದ್ದು ಸನ್‌ಬರ್ಸ್ಟ್ ಬಣ್ಣದ್ದು, ಕೆಂಪು ಸಿಕ್ಕ ಮೇಲೆ ಇದನ್ನು ಅಂಗಡಿಗೆ ವಾಪಸ್ ಕೊಟ್ಟರು ಅಂತ ಹೇಳ್ತಾರೆ. ಬೆಲೆ 100 ಪೌಂಡ್.

ಸ್ಟ್ರಾಟೊಕಾಸ್ಟರ್ ಬೂಟಿಕ್ ಗಿಟಾರ್ ಅಲ್ಲ, ಫ್ಯಾಕ್ಟರಿಯ ಮಾಲು. ಆದರೆ ಅಮೆರಿಕದಿಂದ ಬರುವ ಫೆಂಡರ್ ಗಿಟಾರ್ ಅಂದ್ರೆ ಕಾರ್ಕ್‌ನ ಒಬ್ಬ ಸ್ಕೂಲ್ ಹುಡುಗನಿಗೆ ಇವತ್ತಿನ ಬೂಟಿಕ್ ಗಿಟಾರ್ ನಮಗಿರುವಷ್ಟೇ ದೂರ. ಅಷ್ಟು ದುಡ್ಡು ಅವನ ಹತ್ತಿರ ಇರ್ಲಿಲ್ಲ, ಅಮ್ಮನ ಹತ್ತಿರವೂ ಇರ್ಲಿಲ್ಲ. ಇದ್ದಿದ್ದು ಕಂತಿನ ದಾರಿ ಮಾತ್ರ. ಅದಕ್ಕೆ ಅಮ್ಮ ಒಪ್ಪಬೇಕು.

ಆಗ ರೋರಿ ಅಮ್ಮನ ಮುಂದೆ ಇಟ್ಟ ವಾದ ನನಗೆ ತುಂಬಾ ಇಷ್ಟ. ಗಿಟಾರ್ ಚೆನ್ನಾಗಿದೆ, ಬಡ್ಡಿ ಹಾಲಿ ನುಡಿಸ್ತಿದ್ದಿದ್ದು ಇಂಥದ್ದೇ ಅಂತೆಲ್ಲ ಹೇಳಿದ್ದರೆ ಅಮ್ಮ ಒಪ್ಪುತ್ತಿದ್ದರೋ ಇಲ್ಲವೋ. ಅವನು ಲೆಕ್ಕ ಹೇಳಿದ. ಈ ಗಿಟಾರಿನಲ್ಲಿ ರಿದಮ್ಮು, ಲೀಡು ಎರಡನ್ನೂ ನಾನೊಬ್ಬನೇ ನುಡಿಸಬಹುದು, ಬ್ಯಾಂಡಿಗೆ ಇನ್ನೊಬ್ಬ ಗಿಟಾರಿಸ್ಟ್ ಬೇಕಾಗಲ್ಲ, ಆಗ ನನ್ನ ಪಾಲು ಹೆಚ್ಚುತ್ತೆ, ಕಂತು ಬೇಗ ತೀರುತ್ತೆ ಅನ್ನೋದು ಅವನ ಲೆಕ್ಕ. ಅಮ್ಮ ಒಪ್ಪಿದರು.

ಲೆಕ್ಕ ಸುಳ್ಳಾಗಲಿಲ್ಲ. 1965ರ ಹೊತ್ತಿಗೆ ಅವನು ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್‌ಗಳಲ್ಲಿ ಮೂರೇ ಜನರ ತಂಡ ಕಟ್ಟಿಕೊಂಡು ನುಡಿಸುತ್ತಿದ್ದ. ಒಂದು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್. 1966ರಲ್ಲಿ ಕಾರ್ಕ್‌ನಲ್ಲಿ ಶುರು ಮಾಡಿದ ಟೇಸ್ಟ್ ಬ್ಯಾಂಡಿನಲ್ಲೂ ಮೂರೇ ಜನ. ಅಮ್ಮನನ್ನು ಒಪ್ಪಿಸೋಕೆ ಹೇಳಿದ ಮಾತೇ ಅವನ ಸಂಗೀತದ ಶೈಲಿ ಆಗಿಬಿಟ್ಟಿತು.

ಆ ದಿನಗಳಲ್ಲೇ ಡಬ್ಲಿನ್‌ನಲ್ಲಿ ಗಿಟಾರ್ ಕಳುವಾಯಿತು. ಟಿವಿಯಲ್ಲೂ ಪ್ರಕಟಣೆ ಬಂತು. ಕೆಲವು ದಿನಗಳ ನಂತರ, ಕಳ್ಳರು ಬಿಸಾಕಿ ಹೋಗಿದ್ದ ಕಡೆ, ಮಳೆಯಲ್ಲಿ ನೆಂದು ಗೀರು ಬಿದ್ದ ಸ್ಥಿತಿಯಲ್ಲಿ ಸಿಕ್ಕಿತು. ಇನ್ನು ಮುಂದೆ ಇದನ್ನು ಯಾವತ್ತೂ ಮಾರಲ್ಲ ಅಂತ ರೋರಿ ತೀರ್ಮಾನ ಮಾಡಿದ. ಹಾಗೇ ನಡೆದುಕೊಂಡ.

1968ರ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕ್ರೀಮ್ ಬ್ಯಾಂಡಿನ ವಿದಾಯ ಕಾರ್ಯಕ್ರಮ ನಡೆದಾಗ ಟೇಸ್ಟ್ ಕೂಡ ಅಲ್ಲಿ ನುಡಿಸಿತು. ಆ ಕಾಲದಲ್ಲೇ ಲಂಡನ್ನಿನ ಕ್ಲಬ್ಬಿಗೆ ಬರುತ್ತಿದ್ದ ಒಬ್ಬ ಫಿಸಿಕ್ಸ್ ವಿದ್ಯಾರ್ಥಿ, ಶೋ ಮುಗಿದ ಮೇಲೆ ರೋರಿ ಹತ್ತಿರ ಹೋಗಿ ಈ ಸೌಂಡ್ ಹೇಗೆ ಬರುತ್ತೆ ಅಂತ ಕೇಳಿದ. ರೋರಿ ಏನನ್ನೂ ಮುಚ್ಚಿಡದೆ ಹೇಳಿದ: ವಾಕ್ಸ್ ಎಸಿ30 ಆಂಪ್, ಅದರ ಮುಂದೆ ರೇಂಜ್‌ಮಾಸ್ಟರ್ ಎಂಬ ಚಿಕ್ಕ ಟ್ರೆಬಲ್ ಬೂಸ್ಟರ್ ಡಬ್ಬಿ, ಅಷ್ಟೇ. ಆ ವಿದ್ಯಾರ್ಥಿ ಬ್ರಿಯಾನ್ ಮೇ. ಮುಂದೆ ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್. ಎಸಿ30 ಮತ್ತು ಟ್ರೆಬಲ್ ಬೂಸ್ಟರ್ ಇವತ್ತಿಗೂ ಅವರ ಸೌಂಡಿನ ಅಡಿಪಾಯ. ಅವರ ಗಿಟಾರ್ ಮಾತ್ರ ಅಂಗಡಿಯದ್ದಲ್ಲ. ಹಳೇ ಬೆಂಕಿಗೂಡಿನ ಮರ ಹಾಕಿ, ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದ ಅಪ್ಪನ ಜೊತೆ ಮನೆಯಲ್ಲೇ ಮಾಡಿದ್ದು. ಅದನ್ನು ಮಾಡೋಕೆ ಶುರು ಮಾಡಿದ ವರ್ಷವೂ 1963. ಒಬ್ಬ ಸಾಲ ಮಾಡಿ ತಂದ, ಇನ್ನೊಬ್ಬ ಕೈಯಾರೆ ಮಾಡಿಕೊಂಡ. ಇಬ್ಬರೂ ಜೀವನಪೂರ್ತಿ ಅದೊಂದನ್ನೇ ಮುಖ್ಯ ಗಿಟಾರ್ ಮಾಡಿಕೊಂಡರು.

1970ರ ಐಲ್ ಆಫ್ ವೈಟ್ ಹಬ್ಬದಲ್ಲಿ ದೊಡ್ಡ ಹೆಸರು ಬಂತು, ಅದೇ ವರ್ಷದ ಕೊನೆಗೆ ಟೇಸ್ಟ್ ಒಡೆಯಿತು. 1971ರಿಂದ ರೋರಿ ತನ್ನ ಹೆಸರಿನಲ್ಲೇ ರೆಕಾರ್ಡ್ ತಂದ. ಚೆಕ್ಸ್ ಶರ್ಟ್, ಜೀನ್ಸ್, ಆ ಗಿಟಾರ್. ಬಾಂಬ್ ಮತ್ತು ಗುಂಡಿನ ಭಯಕ್ಕೆ ಬೇರೆ ಬ್ಯಾಂಡ್‌ಗಳು ಬೆಲ್‌ಫಾಸ್ಟ್ ಕಡೆ ತಲೆ ಹಾಕದಿದ್ದಾಗಲೂ ಅವನು ಅಲ್ಲಿಗೆ ಹೋಗಿ ನುಡಿಸುತ್ತಿದ್ದ. 'ಐರಿಶ್ ಟೂರ್ '74' ಆಲ್ಬಮ್ ಆ ಪ್ರವಾಸದ್ದೇ. 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ಕರೆದರು. ರಾಟರ್‌ಡ್ಯಾಮ್‌ಗೆ ಹೋಗಿ ಅವರ ಜೊತೆ ನುಡಿಸಿದ, ಆಮೇಲೆ ಮೊದಲೇ ಒಪ್ಪಿಕೊಂಡಿದ್ದ ಜಪಾನ್ ಪ್ರವಾಸಕ್ಕೆ ಹೊರಟುಹೋದ.

ಈ ವರ್ಷಗಳಲ್ಲಿ ಗಿಟಾರ್ ಏನಾಯಿತು ಅನ್ನೋದು ಎಂಜಿನಿಯರಿಂಗ್ ಓದುವ ನಮಗೆ ಮಜಾ ಇರುವ ಭಾಗ. ರೋರಿ ಸ್ಟೇಜ್ ಮೇಲೆ ವಿಪರೀತ ಬೆವರುತ್ತಿದ್ದ. ಆ ಬೆವರಿಗೆ ಪೇಂಟ್ ಎದ್ದು ಬಂತು, ಕೊನೆಗೆ ಹೆಚ್ಚು ಭಾಗ ಬರೀ ಮರವೇ ಕಾಣುತ್ತಿತ್ತು. ತೇವ ಹೀರಿ ನೆಕ್ ಬಾಗಿತು. ಸ್ಟ್ರಾಟೊಕಾಸ್ಟರ್‌ನ ನೆಕ್ ಅಂಟಿನಿಂದ ಕೂರಿಸಿದ್ದಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದದ್ದು. ಹಾಗಾಗಿ ಅದನ್ನು ಬಿಚ್ಚಿ ಒಣಗೋಕೆ ಬಿಟ್ಟು, ಬೇರೆ ನೆಕ್ ಹಾಕಿ ಕೆಲಸ ಸಾಗಿಸಿ, ಆಮೇಲೆ ಹಳೆಯದನ್ನೇ ವಾಪಸ್ ಹಾಕಿದರು. ಪಿಕಪ್, ಟ್ಯೂನಿಂಗ್ ಕೀ, ಫ್ರೆಟ್ ಎಲ್ಲ ಸವೆದಂತೆ ಬದಲಾದವು. ಬಿಚ್ಚಿ ರಿಪೇರಿ ಮಾಡೋಕೆ ಆಗುವ ಡಿಸೈನ್ ಆಗಿದ್ದಕ್ಕೇ ಅದು ಬದುಕಿತು. ಹಾಗಂತ ಅವನಿಗೆ ಅಗ್ಗದ ಗಿಟಾರ್ ಅಂದ್ರೆ ತಾತ್ಸಾರವೂ ಇರ್ಲಿಲ್ಲ. ಅಮೆರಿಕದ ಗಿರವಿ ಅಂಗಡಿಗಳಿಂದ ಹಳೇ ಕಡಿಮೆ ಬೆಲೆಯ ಗಿಟಾರ್‌ಗಳನ್ನು ತಂದು, ಅವುಗಳ ಸೌಂಡ್ ಬೇಕಾದಾಗ ನುಡಿಸುತ್ತಿದ್ದ.

ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ವಿಮಾನದ ಭಯ, ಅದಕ್ಕೆ ಮಾತ್ರೆ, ಜೊತೆಗೆ ಕುಡಿತ, ಎಲ್ಲ ಸೇರಿ ಲಿವರ್ ಹಾಳಾಯಿತು. ಲಿವರ್ ಕಸಿ ಮಾಡಿದರೂ ಸೋಂಕು ತಗುಲಿ 1995ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು 47. ಮಣ್ಣು ಮಾಡಿದ್ದು ಕಾರ್ಕ್ ಪಕ್ಕದ ಬ್ಯಾಲಿನ್‌ಕಾಲಿಗ್‌ನಲ್ಲಿ.

ಆಮೇಲೆ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ ಆ ಗಿಟಾರಿನ ನಕಲು ತಯಾರಿಸಿತು. ಪೇಂಟ್ ಎದ್ದಿರೋದು, ಗೀರು, ಕಲೆ, ಎಲ್ಲ ಅಸಲಿನಂತೆಯೇ. ಹೊಸ ಗಿಟಾರನ್ನು ಬೇಕಂತಲೇ ಹಳೆಯದು ಮಾಡಿ ಲಕ್ಷಗಳಲ್ಲಿ ಮಾರೋದು ಈಗ ದೊಡ್ಡ ಬಿಸಿನೆಸ್. ಅಸಲಿ ಗಿಟಾರ್ 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಸುಮಾರು 8.9 ಲಕ್ಷ ಪೌಂಡ್‌ಗೆ, ಅಂದ್ರೆ ಒಂಬತ್ತು ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟರು.

ಹಾಗಾದ್ರೆ ನಾವು ಬೂಟಿಕ್ ಗಿಟಾರ್ ತಗೋಬೇಕಾ ಬೇಡ್ವಾ? ರೋರಿ ಆ ಅಂಗಡಿಗೆ ಹೋಗುವ ಹೊತ್ತಿಗೆ ಆರು ವರ್ಷ ನುಡಿಸಿದ್ದ, ಅಗ್ಗದ ಗಿಟಾರಿನಲ್ಲಿ ಮೂರು ವರ್ಷ ಕಳೆದಿದ್ದ, ರಾತ್ರಿ ಹೋದರೆ ನುಡಿಸೋಕೆ ಸ್ಟೇಜ್ ಇತ್ತು, ಕಂತು ಕಟ್ಟೋಕೆ ಸಂಪಾದನೆ ಇತ್ತು. ಇವೆಲ್ಲ ಇಲ್ಲದೆ ಬರೀ ಸಾಲ ಮಾತ್ರ ಮಾಡಿದ್ದರೆ ಈ ಕಥೆಯೇ ಇರ್ತಿರ್ಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಇನ್ನೂ ಆ ಬಹುಮಾನದ ದುಡ್ಡಿನ ಗಿಟಾರಿನ ಹಂತದಲ್ಲೇ ಇದ್ದೀವಿ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಆದರೆ ಕೈಯಲ್ಲಿರುವ ಗಿಟಾರ್ ನಿಜವಾಗಲೂ ಸಾಲದೆ ಬಂದ ದಿನ, ಹೋಗಿ ತಗೊಳ್ಳಿ. ತಂದ ಮೇಲೆ ಗೀರು ಬೀಳುತ್ತೆ ಅಂತ ಕೇಸಿನೊಳಗೆ ಮುಚ್ಚಿಡಬೇಡಿ. ಮುಚ್ಚಿಡೋಕೆ ಮ್ಯೂಸಿಯಂ ಇದೆ, ಅದಕ್ಕೆ ಮೊದಲು ಮೂವತ್ತು ವರ್ಷ ನುಡಿಸೋದಿದೆ.