ಕೇಳಿದ್ದನ್ನು ಮರೆಯದ ಅಧಿಕಾರಿ: ಸರ್ ತಾಮಸ್ ಮನ್ರೋ

ನಮ್ಮ ಆದೋನಿ ಸೀಮೆಯಲ್ಲಿ ಮಂತ್ರಾಲಯದ ಮಹಿಮೆಯನ್ನು ಕೇಳಿದವರೆಲ್ಲರೂ ಮನ್ರೋ ಸಾಹೇಬರ ಹೆಸರನ್ನೂ ಕೇಳಿಯೇ ಇರುತ್ತಾರೆ. ಮಠದ ಇನಾಮು ಭೂಮಿಯ ವಿಚಾರಣೆಗೆಂದು ಬಂದ ಅವರೊಡನೆ ಶ್ರೀ ರಾಘವೇಂದ್ರಸ್ವಾಮಿಗಳು ಬೃಂದಾವನದಿಂದಲೇ ಮಾತನಾಡಿದರೆಂಬುದು ಭಕ್ತರ ನಂಬಿಕೆ. ಆ ಐತಿಹ್ಯವು ಹಾಗಿರಲಿ. ಜನರ ಅಹವಾಲಿಗೆ ಕಿವಿಗೊಟ್ಟ ಅಧಿಕಾರಿಯೆಂಬ ಅವರ ಕೀರ್ತಿಗೆ ಚರಿತ್ರೆಯ ಆಧಾರವೂ ಉಂಟು.

ಮನ್ರೋ ಅವರು 1761ನೆಯ ಇಸವಿ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವರ್ತಕರೊಬ್ಬರ ಮಗನಾಗಿ ಜನಿಸಿದರು. 1780ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದರು. ಬಾರಾಮಹಲಿನಲ್ಲಿಯೂ ಬಳಿಕ ಕನ್ನಡ ಜಿಲ್ಲೆಯಲ್ಲಿಯೂ ಕಂದಾಯದ ಕಾರ್ಯದಲ್ಲಿ ನುರಿತರು.

1800ರಲ್ಲಿ ನಿಜಾಮರು ಬಳ್ಳಾರಿ, ಆದೋನಿ, ಅನಂತಪುರ, ಕಡಪ ಮೊದಲಾದ ಸೀಮೆಗಳನ್ನು ಕಂಪೆನಿಗೆ ಬಿಟ್ಟುಕೊಟ್ಟರು. ಈ ದತ್ತಮಂಡಲಗಳಿಗೆ ಮನ್ರೋ ಅವರೇ ಪ್ರಧಾನ ಕಲೆಕ್ಟರಾದರು. ಯುದ್ಧಗಳಿಂದಲೂ ಪಾಳೆಯಗಾರರ ಕಾಟದಿಂದಲೂ ನಾಡು ನಲುಗಿತ್ತು. ಅವರು ಕಚೇರಿಯಲ್ಲಿ ಕುಳಿತು ಆಳಲಿಲ್ಲ. ಊರಿಂದೂರಿಗೆ ಗುಡಾರ ಹೂಡುತ್ತ, ಹೊಲಗಳ ನಡುವೆ ಸಂಚರಿಸುತ್ತ, ಮುತ್ತಿಕೊಂಡ ರೈತರ ದೂರುಗಳನ್ನು ತಾವೇ ಆಲಿಸಿದರು. ಹೊಲಹೊಲವನ್ನೂ ಅಳೆಯಿಸಿ, ನೇರವಾಗಿ ರೈತನೊಡನೆಯೇ ಕಂದಾಯವನ್ನು ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ಬೆಳೆಸಿದರು.

ಆದರೆ ವಿಧಿಸಿದ ಕಂದಾಯವು ಭಾರವಾಗಿಯೇ ಇತ್ತು. ಇದನ್ನು ಮನ್ರೋ ಅವರು ಮರೆಮಾಚಲಿಲ್ಲ. 1807ರಲ್ಲಿ ಸೀಮೆಯನ್ನು ಬಿಡುವ ಮುನ್ನ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಮೇಲಿನವರಿಗೆ ಬರೆದರು. ಸರಕಾರವು ಅದನ್ನು ಅಂಗೀಕರಿಸಲಿಲ್ಲ. ಬದಲಾಗಿ ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟಿತು. ಅದರಿಂದ ಎಷ್ಟೋ ಮನೆತನಗಳು ಕೆಟ್ಟವು. 1820ರಲ್ಲಿ ಅವರು ಮದರಾಸಿನ ಗವರ್ನರಾದಾಗ, ಹದಿಮೂರು ವರ್ಷಗಳ ಹಿಂದಿನ ಆ ಸಲಹೆಯು ಕಾರ್ಯರೂಪಕ್ಕೆ ಬಂದಿತು, ಕಂದಾಯವು ಇಳಿಯಿತು.

1827ರಲ್ಲಿ ಸ್ವದೇಶಕ್ಕೆ ಮರಳುವ ಮೊದಲು ಹಳೆಯ ಸೀಮೆಯನ್ನು ಕಣ್ತುಂಬ ನೋಡಲು ಬಂದರು. ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯ ಬೇನೆಗೆ ತುತ್ತಾಗಿ ಕಾಲವಶರಾದರು. ಮೊದಲು ಗುತ್ತಿಯಲ್ಲಿ ಮಣ್ಣು ಮಾಡಿದ ಅವರ ದೇಹವನ್ನು 1831ರಲ್ಲಿ ಮದರಾಸಿಗೆ ಒಯ್ದರು. ಕಡಪ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟರೆಂದು ಪ್ರತೀತಿ.

ಅವರು ಪರರಾಜ್ಯದ ಸೇವಕರು. ಕಂಪೆನಿಯ ಬೊಕ್ಕಸವನ್ನು ತುಂಬಿಸುವುದೇ ಅವರ ಉದ್ಯೋಗವಾಗಿತ್ತು. ಅವರನ್ನು ನಮ್ಮ ಹಿರಿಯರು ಆರಿಸಲಿಲ್ಲ. ಇಂದಾದರೋ ಪಂಚಾಯಿತಿಯ ಸದಸ್ಯರನ್ನು ನಾವೇ ಆರಿಸುತ್ತೇವೆ. 1953ರಲ್ಲಿ ಬಳ್ಳಾರಿಯಿಂದ ಅಗಲಿ ಆಂಧ್ರದಲ್ಲಿ ಉಳಿದ ನಮ್ಮ ಪೆದ್ದಹರಿವಾಣದಂತಹ ಊರುಗಳಲ್ಲಿ, ಕನ್ನಡದಲ್ಲಿ ಹೇಳಿಕೊಂಡ ಕಷ್ಟವನ್ನು ತೆಲುಗಿನ ಕಚೇರಿಗೆ ಮುಟ್ಟಿಸುವ ಹೊಣೆ ಅವರದು. ಜನರ ಬಳಿಗೆ ಹೋಗಿ ಕೇಳುವುದು ಅರ್ಧ ಕೆಲಸ. ಒಮ್ಮೆ ಇಲ್ಲವೆನಿಸಿಕೊಂಡರೂ ಕೇಳಿದ್ದನ್ನು ಕೈಬಿಡದಿರುವುದು ಉಳಿದರ್ಧ. ಪರದೇಶದವನೊಬ್ಬನು ಮಾಡಿದ ಇಷ್ಟನ್ನು ನಮ್ಮವರಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.