ಶೋತಾರೊ ಇಶಿನೊಮೊರಿ

ಶೋತಾರೊ ಇಶಿನೊಮೊರಿ (ಜನವರಿ ೨೫, ೧೯೩೮ – ಜನವರಿ ೨೮, ೧೯೯೮) ಜಪಾನಿನ ಸುಪ್ರಸಿದ್ಧ ಮಾಂಗಾ ಕಲಾವಿದರು. ಮಾಂಗಾ ಎಂದರೆ ಜಪಾನೀ ಶೈಲಿಯ ಚಿತ್ರಕಥೆ. ದೂರದರ್ಶನದ ಮುಖವಾಡಧಾರಿ ವೀರರ ಕಥೆಗಳಿಗೆ ಜಪಾನಿನಲ್ಲಿ ನೆಲೆಯೊದಗಿಸಿದವರಲ್ಲಿ ಇವರು ಪ್ರಮುಖರು. ‘ಕಾಮೆನ್ ರೈಡರ್’, ‘ಕಿಕೈಡರ್’ ಮತ್ತು ‘ಗೊರೆಂಜರ್’ ಇವರ ಕಲ್ಪನೆಯಿಂದ ಮೂಡಿದ ಸರಣಿಗಳು. ಇವು ಮತ್ತು ಇವುಗಳ ಪರಂಪರೆಯ ಸರಣಿಗಳು ಪರದೇಶಗಳಲ್ಲಿ ನಾನಾ ರೂಪಗಳನ್ನು ತಾಳಿದವು.

ಬಾಲ್ಯ ಮತ್ತು ಆರಂಭದ ವರ್ಷಗಳು

ಇವರ ಜನ್ಮನಾಮ ಶೋತಾರೊ ಒನೊದೆರಾ. ಜನಿಸಿದ್ದು ಜಪಾನಿನ ಈಶಾನ್ಯ ಭಾಗದ ಮಿಯಾಗಿ ಪ್ರಾಂತ್ಯದಲ್ಲಿ. ಹುಟ್ಟೂರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡರು. ಓದುಗರು ಅದನ್ನು ‘ಇಶಿಮೊರಿ’ ಎಂದೇ ಓದುತ್ತಿದ್ದುದರಿಂದ, ೧೯೮೬ರಲ್ಲಿ ನಡುವೆ ಒಂದು ಅಕ್ಷರವನ್ನು ಸೇರಿಸಿ ಉಚ್ಚಾರಣೆಯನ್ನು ಸ್ಪಷ್ಟಪಡಿಸಿದರು. ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ, ೧೯೫೪ರಲ್ಲಿ, ಇವರ ಮೊದಲ ಕೃತಿ ‘ಮಾಂಗಾ ಶೋನೆನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಾಲದ ಅಗ್ರಗಣ್ಯ ಮಾಂಗಾ ಕಲಾವಿದ ಒಸಾಮು ತೆಜುಕಾ ಈ ಬಾಲಕನ ಕೈಚಳಕವನ್ನು ಗುರುತಿಸಿ ತಮ್ಮ ‘ಆಸ್ಟ್ರೋ ಬಾಯ್’ ಕೃತಿಯ ಕೆಲಸದಲ್ಲಿ ನೆರವಿಗೆ ಕರೆದರು. ೧೯೫೬ರಲ್ಲಿ ಟೋಕಿಯೋಗೆ ಬಂದ ಇಶಿನೊಮೊರಿ, ತರುಣ ಕಲಾವಿದರು ಒಟ್ಟಾಗಿ ವಾಸಿಸುತ್ತಿದ್ದ ತೊಕಿವಾಸೊ ಎಂಬ ವಠಾರವನ್ನು ಸೇರಿದರು. ಇವರ ಚಿತ್ರಗಳಿಗೆ ಮೊದಲಿನಿಂದಲೂ ಬೆಂಬಲವಾಗಿ ನಿಂತಿದ್ದ ಅಕ್ಕ ಯೋಶಿಯೆ ಉಬ್ಬಸದಿಂದ ಬಳಲುತ್ತಿದ್ದು, ೧೯೫೮ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

೧೯೬೪ರಲ್ಲಿ ಆರಂಭವಾದ ‘ಸೈಬೋರ್ಗ್ ೦೦೯’ ಇವರಿಗೆ ಕೀರ್ತಿ ತಂದಿತು. ಶಸ್ತ್ರಾಸ್ತ್ರ ವ್ಯಾಪಾರಿಗಳ ಕೈಯಲ್ಲಿ ಅರೆಯಂತ್ರಗಳಾಗಿ ಮಾರ್ಪಟ್ಟ ಬೇರೆಬೇರೆ ದೇಶಗಳ ಒಂಬತ್ತು ಮಂದಿ, ತಮ್ಮನ್ನು ಸೃಷ್ಟಿಸಿದವರ ವಿರುದ್ಧವೇ ತಿರುಗಿ ನಿಲ್ಲುವ ಕಥೆ ಇದು. ಈ ವಸ್ತು ಇಶಿನೊಮೊರಿ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ದೂರದರ್ಶನದ ವೀರರು

ತೋಯಿ ಸಂಸ್ಥೆಗಾಗಿ ರೂಪಿಸಿದ ‘ಕಾಮೆನ್ ರೈಡರ್’ ೧೯೭೧ರ ಏಪ್ರಿಲ್ ೩ರಂದು ಪ್ರಸಾರವಾಗತೊಡಗಿತು. ಇವರು ಮೊದಲು ಸೂಚಿಸಿದ್ದು ತಲೆಬುರುಡೆಯ ಮುಖವಾಡ. ಅದು ಒಪ್ಪಿಗೆಯಾಗದೆ, ಮಿಡತೆಯ ಮುಖವನ್ನು ಹೋಲುವ ಮುಖವಾಡ ಬಂದಿತು. ನಾಯಕನನ್ನು ಅರೆಯಂತ್ರವಾಗಿಸುವುದು ದುಷ್ಟಕೂಟವೇ. ಅವನು ಹೊಡೆದುರುಳಿಸುವ ವಿಕೃತ ಜೀವಿಗಳೂ ಅದೇ ಕೂಟದ ಸೃಷ್ಟಿ. ಮುಖವಾಡದ ಹಿಂದೆ ಇರುವ ಈ ದುಃಖವೇ ಕಥೆಯ ಜೀವಾಳ. ಚಿತ್ರೀಕರಣದ ಆರಂಭದಲ್ಲೇ ನಾಯಕ ನಟ ಹಿರೋಶಿ ಫುಜಿಯೊಕಾ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡುದರಿಂದ ಎರಡನೆಯ ರೈಡರ್ ಹುಟ್ಟಿಕೊಂಡನು. ಮಕ್ಕಳು ಬೀದಿಬೀದಿಗಳಲ್ಲಿ ಅನುಕರಿಸಿದ ರೂಪಾಂತರದ ಭಂಗಿ ಬಂದದ್ದು ಅವನೊಂದಿಗೇ. ಸರಣಿ ೯೮ ಕಂತುಗಳವರೆಗೆ ನಡೆಯಿತು.

೧೯೭೨ರ ‘ಕಿಕೈಡರ್’ನ ನಾಯಕ ಅರ್ಧ ಕೆಂಪು, ಅರ್ಧ ನೀಲಿ ಬಣ್ಣದ ಯಂತ್ರಮಾನವ. ಅವನೊಳಗೆ ಅಳವಡಿಸಿದ ಅಂತಃಸಾಕ್ಷಿಯ ಯಂತ್ರಭಾಗ ಅಪೂರ್ಣ. ೧೯೭೫ರ ‘ಗೊರೆಂಜರ್’ನಲ್ಲಿ ಐದು ಬಣ್ಣಗಳ ಐವರು ಒಂದು ತಂಡವಾಗಿ ಹೋರಾಡುತ್ತಾರೆ. ‘ಸೂಪರ್ ಸೆಂಟಾಯ್’ ಪರಂಪರೆಗೆ ಇದೇ ಮೂಲ. ಆದರೆ ಈ ಪರಂಪರೆಯ ಮೊದಲೆರಡು ಸರಣಿಗಳಿಗೆ ಮಾತ್ರ ಇಶಿನೊಮೊರಿ ಮೂಲಕರ್ತೃ. ಮುಂದಿನವುಗಳಿಗೆ ತೋಯಿ ಸಂಸ್ಥೆಯು ಸಬುರೊ ಯಾತ್ಸುದೆ ಎಂಬ ಹೆಸರನ್ನು ಬಳಸಿತು. ಇದು ಒಬ್ಬ ವ್ಯಕ್ತಿಯ ಹೆಸರಲ್ಲ, ಸಂಸ್ಥೆಯ ನಿರ್ಮಾಪಕರ ಸಾಮೂಹಿಕ ಅಂಕಿತ.

ಪರದೇಶಗಳಲ್ಲಿ

ಜಪಾನಿನ ಹೊರಗೆ ಇವರ ವೀರರಿಗೆ ದೊರೆತ ಮೊದಲ ದೊಡ್ಡ ನೆಲೆಗಳಲ್ಲಿ ಹವಾಯಿ ಒಂದು. ಅಲ್ಲಿನ ‘ಕಿಕು’ ವಾಹಿನಿ ೧೯೭೪ರಲ್ಲಿ ‘ಕಿಕೈಡರ್’ ಸರಣಿಯನ್ನು ಪ್ರಸಾರ ಮಾಡಿತು. ಧ್ವನಿ ಜಪಾನಿ ಭಾಷೆಯದೇ. ಕೆಳಗೆ ಇಂಗ್ಲಿಷ್ ಅಡಿಬರಹ. ಜಪಾನೀ ಮೂಲದ ಕುಟುಂಬಗಳು ಅಧಿಕವಾಗಿದ್ದ ಆ ದ್ವೀಪಗಳಲ್ಲಿ ಇಷ್ಟೇ ಸಾಕಾಯಿತು. ಅಲ್ಲಿ ಈ ಸರಣಿಗೆ ದೊರೆತ ಜನಪ್ರಿಯತೆ ತಾಯ್ನಾಡಿನಲ್ಲಿ ದೊರೆತುದಕ್ಕಿಂತ ಹೆಚ್ಚೆನ್ನಬಹುದು. ೨೦೦೨ರಲ್ಲಿ ಹವಾಯಿಯ ರಾಜ್ಯಪಾಲರು ಏಪ್ರಿಲ್ ೧೨ನ್ನು ಕಿಕೈಡರ್ ಪೀಳಿಗೆಯ ದಿನವೆಂದು ಘೋಷಿಸಿದರು.

ಅಮೆರಿಕದ ಮುಖ್ಯಭೂಮಿಯಲ್ಲಿ ನಡೆದದ್ದು ಬೇರೆಯೇ ವಿಧಾನ. ಹೈಮ್ ಸಬಾನ್ ಎಂಬ ನಿರ್ಮಾಪಕರು ೧೯೯೨ರ ‘ಜ್ಯುರೇಂಜರ್’ ಸರಣಿಯಿಂದ ಮುಖವಾಡ ತೊಟ್ಟ ವೀರರ ಕಾಳಗಗಳನ್ನೂ ದೈತ್ಯಯಂತ್ರಗಳ ದೃಶ್ಯಗಳನ್ನೂ ಉಳಿಸಿಕೊಂಡರು. ಮುಖ ಕಾಣುವ ಭಾಗಗಳನ್ನು ಅಮೆರಿಕದ ನಟರಿಂದ ಹೊಸದಾಗಿ ಚಿತ್ರೀಕರಿಸಿದರು. ಮುಖವಾಡವಿದ್ದುದರಿಂದಲೇ ಈ ಹೊಲಿಗೆ ಸಾಧ್ಯವಾಯಿತು. ಹೀಗೆ ಸಿದ್ಧವಾದ ‘ಪವರ್ ರೇಂಜರ್ಸ್’ ೧೯೯೩ರ ಆಗಸ್ಟ್ ೨೮ರಂದು ಆರಂಭವಾಯಿತು. ಮೂಲದಲ್ಲಿ ಯುಗಾಂತರಗಳ ನಿದ್ರೆಯಿಂದ ಎಚ್ಚೆತ್ತ ಪ್ರಾಚೀನ ಯೋಧರಾಗಿದ್ದವರು ಇಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ವಿದ್ಯಾರ್ಥಿಗಳು. ಹಳದಿ ವೀರ ಜಪಾನಿನಲ್ಲಿ ಯುವಕ, ಅಮೆರಿಕದಲ್ಲಿ ಯುವತಿ. ಗುಲಾಬಿ ಬಣ್ಣದವಳ ಉಡುಪಿಗಿರುವ ಲಂಗ ಹಳದಿಯವಳಿಗೆ ಇಲ್ಲದಿರುವುದು ಈ ಕಾರಣದಿಂದ. ಮೂಲದ ಹಸಿರು ವೀರ ಸಾಯುತ್ತಾನೆ. ಅಮೆರಿಕದ ಮಕ್ಕಳು ಅವನ ಪ್ರತಿರೂಪವನ್ನು ಅತಿಯಾಗಿ ಮೆಚ್ಚಿಕೊಂಡಿದ್ದರಿಂದ ಅವನನ್ನು ಬದುಕಿಸಿ, ಮುಂದಿನ ಜಪಾನೀ ಸರಣಿಯ ಬಿಳಿ ಉಡುಪನ್ನು ತೊಡಿಸಿದರು. ಕಾಳಗದ ದೃಶ್ಯಗಳು ಮುಗಿದಾಗ ತೋಯಿ ಸಂಸ್ಥೆಯಿಂದಲೇ ಹೊಸವನ್ನು ಮಾಡಿಸಿಕೊಂಡರು.

ಇದೇ ವಿಧಾನವನ್ನು ೧೯೯೫ರಲ್ಲಿ ‘ಕಾಮೆನ್ ರೈಡರ್ ಬ್ಲ್ಯಾಕ್ ಆರ್‌ಎಕ್ಸ್’ಗೆ ಅನ್ವಯಿಸಿ ‘ಮಾಸ್ಕ್ಡ್ ರೈಡರ್’ ಎಂಬ ಸರಣಿಯನ್ನು ಮಾಡಲಾಯಿತು. ಅರೆಯಂತ್ರವಾದ ಮನುಷ್ಯನ ಬದಲು ಅನ್ಯಗ್ರಹದ ರಾಜಕುಮಾರ ಬಂದನು; ಅವನ ಸುತ್ತ ಒಂದು ಅಮೆರಿಕನ್ ಸಂಸಾರದ ಹಾಸ್ಯ ಬೆಳೆಯಿತು. ಕಾಳಗ ಉಳಿಯಿತು, ದುಃಖ ಉಳಿಯಲಿಲ್ಲ. ತಂಡದ ಕಥೆ ಈ ಬಗೆಯ ಕತ್ತರಿಗೆ ಒಗ್ಗಿದಷ್ಟು ಒಂಟಿ ವೀರನ ಕಥೆ ಒಗ್ಗಲಿಲ್ಲ. ಸರಣಿ ಮರುವರ್ಷವೇ ನಿಂತಿತು.

ಇಶಿನೊಮೊರಿ ಸ್ವತಃ ಅಮೆರಿಕದ ಓದುಗರಿಗಾಗಿ ಚಿತ್ರಿಸಿದ್ದೂ ಉಂಟು. ‘ಜೆಲ್ಡಾ’ ವಿಡಿಯೋ ಆಟವನ್ನು ಆಧರಿಸಿದ ಇವರ ಚಿತ್ರಕಥೆ ೧೯೯೨ರಲ್ಲಿ ‘ನಿಂಟೆಂಡೋ ಪವರ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಜಪಾನಿನ ಅರ್ಥವ್ಯವಸ್ಥೆಯನ್ನು ಕುರಿತ ಇವರ ಮಾಂಗಾದ ಇಂಗ್ಲಿಷ್ ಅನುವಾದವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ೧೯೮೮ರಲ್ಲಿ ಪ್ರಕಟಿಸಿತು.

ನಿಧನ ಮತ್ತು ಸ್ಮಾರಕ

ಅರುವತ್ತು ತುಂಬಿದ ಮೂರನೆಯ ದಿನ ಇಶಿನೊಮೊರಿ ನಿಧನರಾದರು. ಅತಿ ಹೆಚ್ಚು ಚಿತ್ರಕಥೆಗಳನ್ನು ಪ್ರಕಟಿಸಿದ ಲೇಖಕರೆಂದು, ೧,೨೮,೦೦೦ಕ್ಕೂ ಮಿಕ್ಕ ಪುಟಗಳಿಗಾಗಿ, ಗಿನ್ನೆಸ್ ಸಂಸ್ಥೆ ಇವರನ್ನು ಮರಣೋತ್ತರವಾಗಿ ದಾಖಲಿಸಿತು. ಬಾಲ್ಯದಲ್ಲಿ ಸಿನಿಮಾ ನೋಡಲೆಂದು ಸೈಕಲ್ ತುಳಿದು ಹೋಗುತ್ತಿದ್ದ ಇಶಿನೊಮಾಕಿ ಪಟ್ಟಣದಲ್ಲಿ, ನದಿಯ ನಡುಗಡ್ಡೆಯ ಮೇಲೆ, ೨೦೦೧ರಲ್ಲಿ ಇವರ ಹೆಸರಿನ ಮಾಂಗಾ ವಸ್ತುಸಂಗ್ರಹಾಲಯ ಆರಂಭವಾಯಿತು. ೨೦೧೧ರ ಮಾರ್ಚ್ ತಿಂಗಳ ಸುನಾಮಿ ಆ ಪಟ್ಟಣವನ್ನು ಧ್ವಂಸಮಾಡಿದಾಗ ಅದರ ಕೆಳ ಅಂತಸ್ತಿಗೆ ನೀರು ನುಗ್ಗಿತಾದರೂ ಕಟ್ಟಡ ನಿಂತಿತು. ೨೦೧೨ರ ನವೆಂಬರ್ ತಿಂಗಳಲ್ಲಿ ಸಂಗ್ರಹಾಲಯ ಪುನಃ ತೆರೆಯಿತು.