ಡ್ರಮ್ಮಿನ ನೀರಿನಲ್ಲಿ ಈಜುವ ಹುಳು ಯಾವುದು? ಬೆಂಗಳೂರಿನ ತೊಟ್ಟಿಯಲ್ಲಿ ಅದನ್ನು ಗುರುತಿಸಿದ ರೊನಾಲ್ಡ್ ರಾಸ್ ಕಥೆ

ನೀರಿನ ಡ್ರಮ್ಮಿನ ಮುಚ್ಚಳ ತೆಗೆದರೆ ಒಳಗೆ ಸಣ್ಣ ಹುಳುಗಳು ತಲೆಕೆಳಗಾಗಿ ನೇತಾಡುತ್ತಿವೆ. ನೆರಳು ಬಿದ್ದ ಕೂಡಲೇ ಮೈ ಕುಲುಕಿಸುತ್ತಾ ತಳಕ್ಕೆ ಇಳಿಯುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬರುತ್ತವೆ. ಇದನ್ನು ವಿಡಿಯೋ ಮಾಡಿ, ಬೋರ್‌ವೆಲ್ ನೀರಿನಲ್ಲೇ ಹುಳು ಬರುತ್ತಿದೆ, ಕುಡಿದವರಿಗೆ ಡೆಂಗ್ಯೂ ಬರುತ್ತದೆ ಎಂದು ಫಾರ್ವರ್ಡ್ ಮಾಡುವವರಿದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಳೆ ಕಡಿಮೆ. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್, ಸಂಪು, ತೊಟ್ಟಿ ಎಲ್ಲವನ್ನೂ ತುಂಬಿಸಿಡಲೇಬೇಕು. ಹಾಗಾಗಿ ಇಂಥ ವಿಡಿಯೋ ನೋಡಿದರೆ ಭಯವಾಗುವುದು ಸಹಜ.

ಆದರೆ ಈ ಹುಳು ಬೋರ್‌ವೆಲ್‌ನಿಂದ ಬಂದದ್ದಲ್ಲ, ಅದು ಸೊಳ್ಳೆಯ ಮರಿ. ನೀರು ತುಂಬಿಸಿದ ಮೇಲೆ ಸೊಳ್ಳೆ ಬಂದು ಅಲ್ಲಿ ಮೊಟ್ಟೆ ಇಟ್ಟಿದೆ. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನಲ್ಲೇ ಒಬ್ಬ ಯುವ ವೈದ್ಯ ಇದನ್ನು ಕಂಡಿದ್ದ. ಆತನ ಹೆಸರು ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಬ್ರಿಟಿಷ್ ಭಾರತದ ಸೇನೆಯಲ್ಲಿ ಅಧಿಕಾರಿ. ಮಗನಿಗೆ ಕವಿತೆ, ಸಂಗೀತ, ಗಣಿತ ಎಂದರೆ ಪ್ರಾಣ, ವೈದ್ಯಕೀಯದಲ್ಲಿ ಮನಸ್ಸಿರಲಿಲ್ಲ. ತಂದೆಯ ಒತ್ತಾಯಕ್ಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತಕ್ಕೆ ಸೇನಾ ವೈದ್ಯನಾಗಿ ಬಂದರು.

1883ರಲ್ಲಿ ಬೆಂಗಳೂರು ದಂಡಿನ ಪ್ರದೇಶಕ್ಕೆ ನೇಮಕವಾಯಿತು. ಸಿಕ್ಕ ಬಂಗಲೆ ಚೆನ್ನಾಗಿತ್ತು, ಆದರೆ ಬೇರೆಲ್ಲ ಕಡೆಗಿಂತ ಅವರ ಕೋಣೆಯಲ್ಲೇ ಸೊಳ್ಳೆ ಜಾಸ್ತಿ. ಕಾರಣ ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಕಂಡಿತು. ಬಗ್ಗಿ ನೋಡಿದರೆ ನೀರಿನ ತುಂಬ ಕುಲುಕಾಡುವ ಹುಳುಗಳು. ಅವು ಸೊಳ್ಳೆಮರಿಗಳೆಂದು ಗುರುತಿಸಿದ ರಾಸ್ ತೊಟ್ಟಿಯನ್ನು ಉರುಳಿಸಿ ನೀರು ಚೆಲ್ಲಿದರು. ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು.

ಉತ್ಸಾಹದಿಂದ ಅವರು ಮೇಲಧಿಕಾರಿಯ ಬಳಿ ಹೋಗಿ, ಆವರಣದ ತೊಟ್ಟಿ, ಡಬ್ಬ, ಹೂದಾನಿಗಳ ನೀರನ್ನೂ ಚೆಲ್ಲಿಸೋಣ ಎಂದರು. ಆತ ಒಪ್ಪಲಿಲ್ಲ. ಸೊಳ್ಳೆಯೂ ಸೃಷ್ಟಿಯ ಭಾಗ, ಸಹಿಸಿಕೊಳ್ಳಬೇಕು ಎಂಬುದು ಆತನ ವಾದ. ಸೊಳ್ಳೆಯಿಂದ ಕಾಯಿಲೆ ಹರಡಬಹುದೆಂದು ಆಗ ರಾಸ್‌ಗೂ ಗೊತ್ತಿರಲಿಲ್ಲ.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರ ಪರಿಚಯವಾಯಿತು. ಮಲೇರಿಯಾಕ್ಕೂ ಸೊಳ್ಳೆಗೂ ನಂಟಿದೆ ಎಂಬುದು ಮ್ಯಾನ್ಸನ್ ಊಹೆ. ಆದರೆ ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತದೆ ಎಂದು ಅವರು ನಂಬಿದ್ದರು. ನೋಡಿ, ಇಂದಿನ ಫಾರ್ವರ್ಡ್‌ನಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ ನಂಬಿಕೆ! 1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಇದನ್ನೂ ಪರೀಕ್ಷಿಸಿದರು. ಸೊಳ್ಳೆ ಸತ್ತ ನೀರನ್ನು ಒಪ್ಪಿದವರಿಗೆ ಕುಡಿಸಿ ನೋಡಿದರು. ಮಲೇರಿಯಾ ಹೀಗೆ ಹರಡುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಮುಂದಿನ ಎರಡು ವರ್ಷ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕುಳಿತರು. ಏನೂ ಸಿಗಲಿಲ್ಲ. ಯಾಕೆಂದರೆ ನೋಡುತ್ತಿದ್ದದ್ದು ಬೇರೆ ಜಾತಿಯ ಸೊಳ್ಳೆಗಳನ್ನು. 1897ರ ಆಗಸ್ಟ್‌ನಲ್ಲಿ ಸಹಾಯಕರು ತಂದುಕೊಟ್ಟ ಮರಿಗಳಿಂದ ರೆಕ್ಕೆಯಲ್ಲಿ ಮಚ್ಚೆಯಿರುವ ಸೊಳ್ಳೆಗಳು ಹೊರಬಂದವು. ಇವು ಅನಾಫಿಲಿಸ್. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಪಡೆದು ತನ್ನ ಮೈಯೊಡ್ಡಿದ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ರೋಗಾಣು ಬೆಳೆಯುತ್ತಿರುವುದು ಕಂಡಿತು. ಇಂದಿಗೂ ಆ ದಿನ ವಿಶ್ವ ಸೊಳ್ಳೆ ದಿನ.

1898ರಲ್ಲಿ ಕಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆ ಕಡಿತದಿಂದಲೇ ಹರಡುತ್ತದೆ ಎಂದು ತೋರಿಸಿದರು. ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಹರಡುತ್ತದೆ ಎಂದು ಅದೇ ವರ್ಷ ತೋರಿಸಿಕೊಟ್ಟದ್ದು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು. ಇದರ ಶ್ರೇಯಸ್ಸಿಗಾಗಿ ರಾಸ್ ಮತ್ತು ಗ್ರಾಸ್ಸಿ ವರ್ಷಗಟ್ಟಲೆ ಜಗಳವಾಡಿದರು. 1902ರ ನೊಬೆಲ್ ರಾಸ್ ಒಬ್ಬರಿಗೇ ಸಿಕ್ಕಿತು. ಅದೇ ವರ್ಷ ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ನಿಂತ ನೀರು ಇಲ್ಲದಂತೆ ಮಾಡುವ ಕೆಲಸಕ್ಕೆ ರಾಸ್ ಸಲಹೆ ಕೊಟ್ಟರು, ಅಲ್ಲಿ ಮಲೇರಿಯಾ ಬಹಳ ಇಳಿಯಿತು. ಬೆಂಗಳೂರಿನ ಮೇಲಧಿಕಾರಿ ಬೇಡವೆಂದ ಉಪಾಯವೇ ಊರಿಗೆ ಊರನ್ನು ಉಳಿಸಿತು. ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಈಗ ನಮ್ಮ ಮನೆಯ ಹುಳುವಿನ ವಿಷಯ. ಮೇಲ್ಮೈಯಿಂದ ಓರೆಯಾಗಿ ತಲೆ ಕೆಳಗೆ ಮಾಡಿ ನೇತಾಡಿದರೆ ಅದು ಡೆಂಗ್ಯೂ ಹರಡುವ ಈಡಿಸ್ ಅಥವಾ ಕ್ಯೂಲೆಕ್ಸ್ ಸೊಳ್ಳೆಯ ಮರಿ. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅನಾಫಿಲಿಸ್. ತಳದ ಕೆಸರಿನಲ್ಲಿರುವ ಕೆಂಪು ಹುಳು ಸಾಮಾನ್ಯವಾಗಿ ಕಚ್ಚದ ಒಂದು ನೊಣದ ಮರಿ. ಮೀನಿನ ಅಕ್ವೇರಿಯಂ ಗಾಜಿನ ಮೇಲೆ ಕಾಣುವ ಬಿಳಿ ದಾರದಂಥ ಹುಳುಗಳು ಹೆಚ್ಚಾಗಿ ಉಳಿದ ಆಹಾರ ಕೊಳೆತು ಬೆಳೆದವು. ಮೀನಿರುವ ತೊಟ್ಟಿಯಲ್ಲಿ ಸೊಳ್ಳೆಮರಿ ಉಳಿಯುವುದು ಅಪರೂಪ, ಮೀನೇ ತಿಂದುಬಿಡುತ್ತದೆ. ಮೀನು ಸತ್ತ ಮೇಲೆ ನೀರು ಬಿಟ್ಟ ತೊಟ್ಟಿಯೇ ಅಪಾಯ.

ಸೊಳ್ಳೆಮರಿ ಇರುವ ನೀರು ಕುಡಿದರೆ ಡೆಂಗ್ಯೂ, ಮಲೇರಿಯಾ ಬರುವುದಿಲ್ಲ. ಅವು ಬರುವುದು ಮರಿ ಸೊಳ್ಳೆಯಾಗಿ ಕಚ್ಚಿದಾಗ. ಹಾಗೆಂದು ಆ ನೀರು ಕುಡಿಯಲು ಯೋಗ್ಯವೆಂದಲ್ಲ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಬೇಕು. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಬರೀ ಚೆಲ್ಲಿದರೆ ಸಾಲದು. ನೀರಿನ ಅಭಾವವಿದ್ದರೆ ಬಟ್ಟೆಯಲ್ಲಿ ಸೋಸಿ ಗಿಡಕ್ಕೆ ಹಾಕಿ. ತುಂಬಿಸಿದ ಮೇಲೆ ಬಿಗಿಯಾಗಿ ಮುಚ್ಚಿ, ಇಲ್ಲವೇ ಬಟ್ಟೆ ಕಟ್ಟಿ.

ಆಶಾ ಕಾರ್ಯಕರ್ತೆ ಡ್ರಮ್ ನೋಡಲು ಮನೆಗೆ ಬಂದಾಗ ಬೇಡ ಎನ್ನಬೇಡಿ. ಆ ಮೇಲಧಿಕಾರಿಯಂತೆ ಬೇಡವೆಂದರೆ ನಷ್ಟ ನಮ್ಮ ಮಕ್ಕಳಿಗೇ. ಹುಳುವಿನ ವಿಡಿಯೋ ಕಳಿಸುವ ಮೊದಲು ಡ್ರಮ್ಮನ್ನು ಉಜ್ಜಿ ತೊಳೆಯೋಣ. ಆಮೇಲೆ ಬೇಕಾದರೆ ಈ ಲೇಖನವನ್ನೇ ಫಾರ್ವರ್ಡ್ ಮಾಡಿ.